ಓದುಗರ ಪ್ರಶ್ನೆ, ವಕೀಲರ ಉತ್ತರ: ಕಿಸೆಯೊಳಗಿನ ಅಪರೂಪದ ಪಿಸ್ತೂಲು

ಬಂದೂಕು ಲೈಸೆನ್ಸಿನ ನವೀಕರಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಹುಬ್ಬಳ್ಳಿ–ಧಾರವಾಡ, ಗದಗ ಮತ್ತು ಹಾವೇರಿಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಲ ಕಾಯುವ ಜೋಡುನಳಿಗೆ ಬಂದೂಕಿಗೆ ಸಂಬಂಧಿಸಿರಬಹುದೆಂದು ಎಣಿಸಿದ್ದೆ. ಆದರೆ ಕಿಸೆಯಲ್ಲಿ ಅಡಗುವ, ನಮ್ಮ ಕಡೆ ಯಾರೂ ಕಂಡಿರದ ಬಗೆಯ ಪಿಸ್ತೂಲುಗಳನ್ನು ಆತ್ಮರಕ್ಷಣೆಗೆ ಇಟ್ಟುಕೊಳ್ಳಬಹುದೇ ಎಂಬುದೇ ಬಹುಪಾಲು ಪತ್ರಗಳ ಪ್ರಶ್ನೆಯಾಗಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಮನೆಯಲ್ಲಿ ಆಯುಧವಿದೆ ಎಂಬುದು ಊರಿಗೆಲ್ಲ ತಿಳಿಯುವುದು ಒಳ್ಳೆಯದಲ್ಲವಾದ ಕಾರಣ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಹಂಗಾಮಿನಲ್ಲಿ ಹಣ ಇಟ್ಟುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಹಾವೇರಿ, ಹುಬ್ಬಳ್ಳಿಯ ಕಡೆ ಓಡಾಡಬೇಕಾಗುತ್ತದೆ. ದೊಡ್ಡ ರಿವಾಲ್ವರ್ ಸೊಂಟದಲ್ಲಿದ್ದರೆ ಎದ್ದು ಕಾಣುತ್ತದೆ. ಎರಡು ನಳಿಗೆಯ ಡೆರಿಂಜರ್ ಮತ್ತು ಅಂಗೈಯಲ್ಲಿ ಮುಚ್ಚಿಹೋಗುವ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಅಂಥದ್ದೊಂದನ್ನು ತರಿಸಿಕೊಳ್ಳಬಹುದೇ?

ಉತ್ತರ: ತಾವು ನೋಡಿದ್ದು ಅಮೆರಿಕದ ವಿಡಿಯೊ ಆಗಿರಬೇಕು. ಅಲ್ಲಿ ಆಯುಧ ಹೊಂದುವುದು ಸಂವಿಧಾನದ ಎರಡನೆಯ ತಿದ್ದುಪಡಿಯಿಂದ ಬಂದ ಹಕ್ಕು. ಮನೆಯ ಹೊರಗೂ ಅದನ್ನು ಒಯ್ಯುವ ಹಕ್ಕಿದೆಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಲವು ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೇ ಬೇಕಿಲ್ಲ. ಎಲ್ಲರ ಸೊಂಟದಲ್ಲೂ ಒಂದೇ ಬಗೆಯ ಪಿಸ್ತೂಲು ಇರುವ ಊರಿನಲ್ಲಿ ಬೇರೆಯವರ ಬಳಿ ಇಲ್ಲದ್ದನ್ನು ಒಯ್ಯುವುದು ಒಂದು ಶೋಕಿಯಾಗಿ ಬೆಳೆದಿರುವುದು ಸಹಜ. ನಮ್ಮಲ್ಲಿ ಆಯುಧ ಹೊಂದುವುದು ಹಕ್ಕಲ್ಲ, 1959ರ ಆಯುಧ ಅಧಿನಿಯಮದಡಿ ಸಿಗುವ ಅನುಮತಿ ಮಾತ್ರ. ಅದರ ಮೇಲೆ, 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ವಿದೇಶದಿಂದ ಪಿಸ್ತೂಲು ತರಿಸಿಕೊಳ್ಳುವ ದಾರಿ ಮುಚ್ಚಿದೆ. ಹೀಗಾಗಿ ಡೆರಿಂಜರ್ ಬೇಕೆಂದರೆ ಆ ಕಾಲಕ್ಕೂ ಮುಂಚೆ ದೇಶದೊಳಗೆ ಬಂದು, ಇಂದಿಗೂ ಯಾರದೋ ಲೈಸೆನ್ಸಿನಲ್ಲಿ ದಾಖಲಾಗಿರುವ ಒಂದನ್ನು ಹುಡುಕಿ ಕಾನೂನುಬದ್ಧವಾಗಿ ವರ್ಗಾಯಿಸಿಕೊಳ್ಳಬೇಕು. ಆಮದು ನಿಂತದ್ದರಿಂದಲೇ ಹಳೆಯ ವಾಲ್ಥರ್, ವೆಬ್ಲಿ ಪಿಸ್ತೂಲುಗಳಿಗೆ ಹೊಸ ದೇಶೀ ಪಿಸ್ತೂಲಿಗಿಂತ ಹಲವು ಪಟ್ಟು ಬೆಲೆ ಬಂದಿದೆ. ಆ ಬೆಲೆ ವಿರಳತೆಗೆ ಸಲ್ಲುವುದೇ ಹೊರತು ರಕ್ಷಣೆಯ ಗುಣಕ್ಕೆ ಸಲ್ಲುವುದಲ್ಲ.

ಒಂದು ವೇಳೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಡೆರಿಂಜರ್ ಎಂಬ ಹೆಸರು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬ ಬಂದೂಕು ತಯಾರಕನಿಂದ ಬಂತು. 1865ರಲ್ಲಿ ಅಧ್ಯಕ್ಷ ಲಿಂಕನ್ ಅವರನ್ನು ಕೊಂದದ್ದು ಅಂಥ ಒಂದೇ ಗುಂಡಿನ ಕಿಸೆ ಪಿಸ್ತೂಲು. ತಾವು ನೋಡಿದ ಮೇಲೊಂದು ಕೆಳಗೊಂದು ನಳಿಗೆಯ ರೂಪವನ್ನು ರೆಮಿಂಗ್ಟನ್ ಕಂಪನಿ 1866ರಿಂದ 1935ರವರೆಗೆ ತಯಾರಿಸಿತು. ಅದರ .41 ರಿಮ್‌ಫೈರ್ (ಈ ಅಂಕಿ ಇಂಚಿನಲ್ಲಿ ಗುಂಡಿನ ದಪ್ಪ) ಗುಂಡಿನ ವೇಗ ಸೆಕೆಂಡಿಗೆ ಸುಮಾರು 130 ಮೀಟರ್ ಮಾತ್ರ. ಗುಂಡಿನ ತೂಕ ಹೆಚ್ಚೆಂಬುದು ನಿಜವಾದರೂ ವೇಗದ ಲೆಕ್ಕದಲ್ಲಿ ಒಳ್ಳೆಯ ಏರ್‌ಗನ್ನು ಅದನ್ನು ಹಿಂದೆ ಹಾಕುತ್ತದೆ. ಜೂಜಿನ ಮೇಜಿನ ಆಚೆ ಬದಿಯಲ್ಲಿ ಕುಳಿತವನಿಗೆ ಹೊಡೆಯಲು ಅಷ್ಟು ಸಾಕಾಗಿತ್ತು. ಕತ್ತಲಲ್ಲಿ, ಮೋಟರ್‌ಸೈಕಲ್ ಮೇಲೆ ಬಂದವನ ಮುಂದೆ, ಗಾಬರಿಯಿಂದ ನಡುಗುವ ಕೈಯಲ್ಲಿ, ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದು ಎರಡೇ ಗುಂಡು ಹಾರಿಸುವ ಆಯುಧ ಎಷ್ಟು ಕೆಲಸಕ್ಕೆ ಬಂದೀತೆಂದು ತಾವೇ ಯೋಚಿಸಿ. ಅದಕ್ಕೆ ಇಂದು ಪೇಟೆಯಲ್ಲಿ ಗುಂಡು ಸಿಗುವುದೂ ಇಲ್ಲ.

ಐದು ಗುಂಡಿನ ಪುಟ್ಟ ರಿವಾಲ್ವರ್ ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿಯ .22 ಇರಬೇಕು. ಸುಮಾರು 130 ಗ್ರಾಂ ತೂಗುವ ಅದು ಅಂಗಿಯ ಕಿಸೆಯಲ್ಲಿದ್ದರೂ ಗೊತ್ತಾಗುವುದಿಲ್ಲ. ಅದನ್ನು ತಯಾರಿಸಿದವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲೂ ಪ್ರತಿ ಗುಂಡಿಗೆ ಹ್ಯಾಮರ್ ಎಳೆಯಬೇಕು, ಟ್ರಿಗರಿಗೆ ಕಾವಲು ಬಳೆಯಿಲ್ಲ, ಹಿಡಿಯಲು ಎರಡು ಬೆರಳಿಗೆ ಸಾಕಾಗುವಷ್ಟೇ ಜಾಗ, ಮತ್ತೆ ಗುಂಡು ತುಂಬಬೇಕಾದರೆ ಸಾಮಾನ್ಯ ಮಾದರಿಯಲ್ಲಿ ನಡುವಿನ ಕಡ್ಡಿಯನ್ನು ತೆಗೆದು ಸಿಲಿಂಡರನ್ನೇ ಹೊರಗೆ ಎತ್ತಬೇಕು. ಚಿಕ್ಕದಾದಷ್ಟೂ ಒಯ್ಯಲು ಸುಲಭ, ಹೊಡೆಯಲು ಕಷ್ಟ. ದೊಡ್ಡ ಪಿಸ್ತೂಲಿನಲ್ಲಿ ಗುರಿ ಹಿಡಿಯಬಲ್ಲವನೂ ಇದರಲ್ಲಿ ಐದಾರು ಹೆಜ್ಜೆಯ ಆಚೆಗೆ ತಪ್ಪುತ್ತಾನೆ.

ಗುಂಡಿನ ಮಾತು ಬಂದಾಗ ನನ್ನ ಕಕ್ಷಿದಾರರೊಬ್ಬರು ನೆನಪಾಗುತ್ತಾರೆ. ಅವರ ಬಳಿ ತಂದೆಯ ಕಾಲದ ಬೆಲ್ಜಿಯಂ ಪಿಸ್ತೂಲೊಂದಿತ್ತು. ಅಂಗೈಯಗಲದ್ದು, ನೋಡಲು ಆಭರಣದಂತಿತ್ತು. ಅದರ ಗುಂಡು ಸಿಗದೆ ಉಳಿದ ಒಂಬತ್ತನ್ನೇ ಇಪ್ಪತ್ತು ವರ್ಷ ತಿಜೋರಿಯಲ್ಲಿ ಕಾಪಾಡಿಕೊಂಡು ಬಂದಿದ್ದರು. ಒಮ್ಮೆ ಪರೀಕ್ಷಿಸಿ ನೋಡಿಯೇ ಬಿಡೋಣವೆಂದು ಫೈರಿಂಗ್ ರೇಂಜಿಗೆ ಹೋದಾಗ ಒಂಬತ್ತರಲ್ಲಿ ಸಿಡಿದವು ಮೂರು. ಇಪ್ಪತ್ತು ವರ್ಷ ಅವರಿಗೆ ನೆಮ್ಮದಿಯ ನಿದ್ದೆ ಕೊಟ್ಟದ್ದು ಆ ಪಿಸ್ತೂಲೇ ಎಂಬುದನ್ನು ನೆನೆದು ಇಬ್ಬರೂ ನಕ್ಕೆವು. ನಗುವಂಥ ವಿಷಯ ಅದಾಗಿರಲಿಲ್ಲ.

ತಮಗೆ ನಿಜವಾಗಿ ಅಗತ್ಯವಿದ್ದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಅರ್ಜಿ ಹಾಕಿ. ಅದು ಹಳೆಯ ವೆಬ್ಲಿಯ ವಿನ್ಯಾಸದಿಂದ ಬಂದದ್ದು, ಹೊಸತನವೇನೂ ಇಲ್ಲ. ಆದರೆ ಅದರ ಗುಂಡು ದೇಶದಲ್ಲೇ ತಯಾರಾಗುತ್ತದೆ ಮತ್ತು ಕೆಟ್ಟರೆ ರಿಪೇರಿ ಮಾಡುವವರಿದ್ದಾರೆ. ಹಾವೇರಿ ಜಿಲ್ಲೆಯವರಾದ ತಾವು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಹುಬ್ಬಳ್ಳಿ–ಧಾರವಾಡ ನಗರದವರಾಗಿದ್ದರೆ ಪೊಲೀಸ್ ಆಯುಕ್ತರಿಗೆ ಸಲ್ಲಿಸಬೇಕಿತ್ತು. ವೃತ್ತಿಯ ಸ್ವರೂಪದಿಂದಾಗಿ ಜೀವಕ್ಕೋ ಆಸ್ತಿಗೋ ನಿಜವಾದ ಅಪಾಯವಿದೆ ಎಂಬುದನ್ನು 2016ರ ಆಯುಧ ನಿಯಮಗಳು ಕಾರಣವಾಗಿ ಒಪ್ಪುತ್ತವೆ. ಆದ್ದರಿಂದ ವ್ಯಾಪಾರದ ದಾಖಲೆಗಳನ್ನೂ, ಹಿಂದೆ ಬೆದರಿಕೆ ಬಂದು ದೂರು ಕೊಟ್ಟಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ ಮತ್ತು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತವೆ. ಲೈಸೆನ್ಸಿನ ಅವಧಿ ಈಗ ಐದು ವರ್ಷ.

ಎದ್ದು ಕಾಣಬಾರದು ಎಂಬ ತಮ್ಮ ಚಿಂತೆಗೆ ಕಾನೂನಿನಲ್ಲೇ ಉತ್ತರವಿದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಅದಕ್ಕೆಂದೇ ಮಾಡಿದ ಚೀಲದಲ್ಲಿ, ಪೂರ್ಣವಾಗಿ ಮುಚ್ಚಿ, ತನ್ನ ಹತೋಟಿಯಲ್ಲಿಟ್ಟುಕೊಂಡೇ ಒಯ್ಯಬೇಕೆಂದು ನಿಯಮವಿದೆ. ಸಡಿಲ ಅಂಗಿಯ ಒಳಗೆ .32 ರಿವಾಲ್ವರ್ ಯಾರಿಗೂ ಕಾಣದು. ಜಾತ್ರೆಗೆ, ಮೆರವಣಿಗೆಗೆ, ಸಭೆಗೆ ಒಯ್ಯುವಂತಿಲ್ಲ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುತ್ತದೆ, ಆಗ ತಿಂಗಳುಗಟ್ಟಲೆ ಅದು ತಮ್ಮ ಬಳಿ ಇರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೇಳದಿದ್ದರೂ ಹೇಳುತ್ತೇನೆ: ಸಾಧ್ಯವಾದಷ್ಟು ಪಾವತಿಯನ್ನು ಬ್ಯಾಂಕಿನ ಮೂಲಕ ಮಾಡಿದರೆ ಈ ಖರ್ಚಿನ ಬಹುಭಾಗ ಉಳಿದೀತು.

ಪ್ರಶ್ನೆ: ನಾವು ಗದಗ ತಾಲ್ಲೂಕಿನವರು. ಸೈನ್ಯದಲ್ಲಿದ್ದ ನಮ್ಮ ಅಜ್ಜನವರ .455 ವೆಬ್ಲಿ ರಿವಾಲ್ವರ್ ಮನೆಯಲ್ಲಿದೆ. ಅವರು ಹೋದ ವರ್ಷ ತೀರಿಕೊಂಡರು. ಇದು ಈಗ ಪುರಾತನ ವಸ್ತು, ಲೈಸೆನ್ಸ್ ಬೇಡ ಎಂದು ಕೆಲವರು ಹೇಳುತ್ತಾರೆ. ಮನೆತನದ ಆಯುಧವನ್ನು ಠಾಣೆಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ರಕ್ಷಣೆಗೆ ನಾನೇ ಇಟ್ಟುಕೊಳ್ಳಬಹುದೇ?

ಉತ್ತರ: ಮೊದಲು ಅದನ್ನು ಠಾಣೆಯಲ್ಲಿಯೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿಯೋ ಠೇವಣಿ ಇಟ್ಟು ರಸೀದಿ ಪಡೆಯಿರಿ, ಉಳಿದದ್ದನ್ನು ಆಮೇಲೆ ಓದಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ವಿನಾಕಾರಣ ತಡಮಾಡದೆ ಠೇವಣಿ ಇಡಬೇಕೆಂದು ಅಧಿನಿಯಮದ 21ನೇ ಕಲಂ ಹೇಳುತ್ತದೆ. ತಾವು ಈಗಾಗಲೇ ಒಂದು ವರ್ಷ ತಡಮಾಡಿದ್ದೀರಿ.

ಪುರಾತನ ವಸ್ತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. 45ನೇ ಕಲಂ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಸಿಡಿಯಲಾರದ ಹಳೆಯ ಆಯುಧಕ್ಕೆ ಮಾತ್ರ. ಎಣ್ಣೆ ಹಾಕಿ ಒರೆಸಿದರೆ ಗುಂಡು ಹಾರುವ ವೆಬ್ಲಿ ಎಷ್ಟೇ ಹಳೆಯದಾದರೂ ಆಯುಧವೇ. ಅದಕ್ಕಿಂತ ದೊಡ್ಡ ತೊಡಕು ಅದರ ಬೋರಿನದು, ಅಂದರೆ ನಳಿಗೆಯ ಒಳಅಳತೆಯದು. 9 ಮಿ.ಮೀ., .38, .455 ಮುಂತಾದವನ್ನು ನಿಷೇಧಿತ ಬೋರ್ ಎಂದು ಪರಿಗಣಿಸಲಾಗುತ್ತದೆ, ಅವುಗಳ ಅನುಮತಿ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಕೇಂದ್ರ ಗೃಹ ಇಲಾಖೆಯ ಮಟ್ಟದ್ದು. ನಿಷೇಧಿತ ಆಯುಧವನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಏಳರಿಂದ ಹದಿನಾಲ್ಕು ವರ್ಷ. ಅಜ್ಜನವರ ಲೈಸೆನ್ಸ್ ಪುಸ್ತಕವನ್ನು ಹುಡುಕಿ, ಅದರಲ್ಲಿ ಬೋರ್ ಮತ್ತು ನಂಬರ್ ಹೇಗೆ ದಾಖಲಾಗಿವೆ ಎಂದು ನೋಡಿ. ಕಾನೂನುಬದ್ಧ ವಾರಸುದಾರರು ಲೈಸೆನ್ಸಿಗೆ ಅರ್ಜಿ ಸಲ್ಲಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮನೆಯ ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನೂ ಸಿದ್ಧವಿಟ್ಟುಕೊಳ್ಳಿ. ಅಜ್ಜನವರು ಬದುಕಿದ್ದಾಗಲೇ, ಎಪ್ಪತ್ತು ವರ್ಷ ತುಂಬಿದ ಮೇಲೆ, ಇದನ್ನು ತಮ್ಮ ಹೆಸರಿಗೆ ಮಾಡಿಸಬಹುದಾಗಿತ್ತು. ಹಿರಿಯರ ಹೆಸರಿನಲ್ಲಿ ಲೈಸೆನ್ಸ್ ಇರುವ ಇತರ ಓದುಗರು ಇದನ್ನು ಗಮನಿಸಬೇಕು.

ಠಾಣೆಗೆ ಕೊಡಲು ಮನಸ್ಸಿಲ್ಲ ಎಂಬ ಮಾತು ನನಗೆ ಅರ್ಥವಾಗುತ್ತದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆಗೆ ಬಗ್ಗದೆ ಹಲಗಲಿಯ ಬೇಡರು ಹೋರಾಡಿದರು, ಮರುವರ್ಷ ತಮ್ಮ ಜಿಲ್ಲೆಯದೇ ಆದ ನರಗುಂದದ ಬಾಬಾಸಾಹೇಬರು ಬಂಡೆದ್ದರು. ಆಯುಧ ಬಿಟ್ಟುಕೊಡುವುದೆಂದರೆ ಮಾನ ಬಿಟ್ಟುಕೊಟ್ಟಂತೆ ಎಂಬ ಭಾವನೆ ಈ ನೆಲದಲ್ಲಿ ಹಳೆಯದು. ಆದರೆ ಠೇವಣಿ ಎಂದರೆ ಮುಟ್ಟುಗೋಲಲ್ಲ, ರಸೀದಿ ಇರುವವರೆಗೆ ವಾರಸುದಾರಿಕೆ ತಮ್ಮದೇ. ರಕ್ಷಣೆಗೆ ಎಂಬ ಮಾತನ್ನಂತೂ ಬಿಡಿ. ಮೊದಲ ಮಹಾಯುದ್ಧದ ಕಾಲದ ಆರನೆಯ ಮಾದರಿಯಾಗಿದ್ದರೆ ಅದು ಕಿಲೋಗೂ ಮಿಕ್ಕಿ ತೂಗುತ್ತದೆ, ಗುಂಡು ಸಿಗುವುದು ದುರ್ಲಭ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ವಯಸ್ಸು 20. ಪೆನ್ನಿನಂತೆ ಕಾಣುವ ಒಂದೇ ಗುಂಡಿನ ಪಿಸ್ತೂಲು ಕಡಿಮೆ ಬೆಲೆಗೆ ಸಿಗುತ್ತದೆಂದು ಪರಿಚಯದವರೊಬ್ಬರು ಹೇಳಿದರು. ಪೆನ್ನೇ ಆದ್ದರಿಂದ ಲೈಸೆನ್ಸಿನ ತೊಂದರೆ ಇಲ್ಲವಂತೆ. ನಿಜವೇ?

ಉತ್ತರ: ಸುಳ್ಳು. ಸ್ಫೋಟಕದ ಬಲದಿಂದ ಗುಂಡು ಹಾರಿಸುವ ಯಾವುದೇ ವಸ್ತು, ಅದು ಪೆನ್ನಿನ ರೂಪದಲ್ಲಿರಲಿ, ಊರುಗೋಲಿನ ರೂಪದಲ್ಲಿರಲಿ, ಬಂದೂಕೇ. ತಮಗೆ 21 ವರ್ಷ ತುಂಬಿಲ್ಲವಾದ್ದರಿಂದ ರಕ್ಷಣೆಗೆಂದು ಲೈಸೆನ್ಸ್ ಕೇಳುವ ಅರ್ಹತೆಯೂ ಇಲ್ಲ. ತಯಾರಕರ ಹೆಸರು, ನಂಬರ್ ಇಲ್ಲದ ಬಂದೂಕನ್ನು ಮಾರುವುದನ್ನೂ ವರ್ಗಾಯಿಸುವುದನ್ನೂ 8ನೇ ಕಲಂ ನಿಷೇಧಿಸಿದೆ. ಆ ಪರಿಚಯದವರು ತೋರಿಸುವ ಪೆನ್ನಿನ ಮೇಲೆ ನಂಬರ್ ಇರುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಲೈಸೆನ್ಸಿಲ್ಲದೆ ತಯಾರಿಸಿ ಮಾರಿದವನಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು, ಇಟ್ಟುಕೊಂಡವನಿಗೆ ಕನಿಷ್ಠ ಎರಡು ವರ್ಷ. ಅಮೆರಿಕದಲ್ಲೂ ಪೆನ್ ಪಿಸ್ತೂಲನ್ನು 1934ರ ಕಾನೂನಿನಡಿ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸದೆ ಇಟ್ಟುಕೊಳ್ಳುವಂತಿಲ್ಲ. ಕಾನೂನನ್ನು ಬದಿಗಿಟ್ಟರೂ, ಯಾವ ಶೆಡ್ಡಿನಲ್ಲಿ ಯಾವ ಪೈಪಿನಿಂದ ಮಾಡಿದ್ದೋ ತಿಳಿಯದ ನಾಡ ಪಿಸ್ತೂಲು ಹಿಂದಕ್ಕೆ ಸಿಡಿದರೆ ಹೋಗುವುದು ಹಿಡಿದವನ ಬೆರಳುಗಳು. ಆ ಪರಿಚಯವನ್ನು ಮುಂದುವರಿಸಬೇಡಿ.

ಪ್ರಶ್ನೆ: ನಾನು ಧಾರವಾಡದ ಕಾಲೇಜೊಂದರಲ್ಲಿ ಅಧ್ಯಾಪಕಿ. ಸಂಜೆ ತಡವಾಗಿ ಒಬ್ಬಳೇ ಮನೆಗೆ ಮರಳುತ್ತೇನೆ. ಮಹಿಳೆಯರಿಗೆಂದೇ ಮಾಡಿದ ಹಗುರವಾದ ರಿವಾಲ್ವರ್ ಇದೆಯೆಂದು ಓದಿದ್ದೇನೆ. ಅದನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ತಾವು ಓದಿದ್ದು ನಿರ್ಭೀಕ್ ಬಗ್ಗೆ. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ 2014ರಲ್ಲಿ ಕಾನ್ಪುರದ ಕಾರ್ಖಾನೆ ಹೊರತಂದ .32 ರಿವಾಲ್ವರ್ ಅದು. ಟೈಟೇನಿಯಂ ಮಿಶ್ರಲೋಹದ ಮೈ, ತೂಕ ಸುಮಾರು ಅರ್ಧ ಕಿಲೋ, ಬಿಡುಗಡೆಯಾದಾಗಿನ ಬೆಲೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಅದಕ್ಕಿಂತ ಹಗುರವಾದ ನಿಡರ್ ಎಂಬ .22 ರಿವಾಲ್ವರ್ ಸುಮಾರು 250 ಗ್ರಾಂ ಮಾತ್ರ ತೂಗುತ್ತದೆ, ಎಂಟು ಗುಂಡು ಹಿಡಿಯುತ್ತದೆ. ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಸಿಗುವ ಅಪರೂಪದ ಪಿಸ್ತೂಲುಗಳೆಂದರೆ ಇಂಥವೇ. ಇವೆರಡರಲ್ಲಿ ಆಯ್ಕೆ ಸುಲಭವಲ್ಲ. ಪಿಸ್ತೂಲು ಹಗುರವಾದಷ್ಟೂ ಅದೇ ಗುಂಡಿನ ಒದೆತ ಕೈಗೆ ಹೆಚ್ಚು ತಟ್ಟುತ್ತದೆ. .22 ಗುಂಡಿಗೆ ಒದೆತ ಕಡಿಮೆ, ಅಭ್ಯಾಸದ ಖರ್ಚೂ ಕಡಿಮೆ, ಆದರೆ ಬಲವೂ ಕಡಿಮೆ. ಮೇಲಾಗಿ ಅದರಲ್ಲಿ ಕಿಡಿಮದ್ದು ಕೋಕೆಯ (ಗುಂಡಿನ ಲೋಹದ ಕವಚದ) ಅಂಚಿನೊಳಗೆ ಇರುವುದರಿಂದ ಸಿಡಿಯದೆ ಉಳಿಯುವ ಗುಂಡುಗಳು ಹೆಚ್ಚು. ಹಾಗಾದಾಗ ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನ ಗುಂಡು ಬರುತ್ತದೆ ಎಂಬುದಷ್ಟೇ ಸಮಾಧಾನ.

ಆದರೆ ತಮ್ಮ ವಿಷಯದಲ್ಲಿ ಬೇರೆಯೇ ಅಡ್ಡಿಯೊಂದಿದೆ. ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯಬಾರದೆಂಬುದು ಲೈಸೆನ್ಸಿನ ಷರತ್ತುಗಳಲ್ಲೇ ಇದೆ. ಕಾಲೇಜಿಗೆ ಒಯ್ಯಲಾಗದ ರಿವಾಲ್ವರ್ ಕಾಲೇಜಿನಿಂದ ಮರಳುವ ದಾರಿಯಲ್ಲಿ ತಮ್ಮ ಬಳಿ ಇರುವುದು ಹೇಗೆ? ಎಲ್ಲೋ ಇಟ್ಟುಹೋಗಿ ಮತ್ತೆ ತೆಗೆದುಕೊಳ್ಳುವುದಂತೂ ಇನ್ನೂ ಅಪಾಯಕಾರಿ. ವ್ಯಾನಿಟಿ ಬ್ಯಾಗಿನ ವಿಚಾರವೂ ಅಷ್ಟೇ. ಬೈಕಿನಲ್ಲಿ ಬಂದವನು ಕಿತ್ತುಕೊಳ್ಳುವುದು ಮೊದಲು ಬ್ಯಾಗನ್ನೇ, ಆಗ ಅವನಿಗೆ ಬ್ಯಾಗಿನ ಜೊತೆ ರಿವಾಲ್ವರ್ ಉಚಿತವಾಗಿ ಸಿಕ್ಕಂತಾಗುತ್ತದೆ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಅದನ್ನು ಕೈಯಲ್ಲೇ ಹಿಡಿದು ನಡೆಯಬಹುದು. 112 ಅನ್ನು ಮೊಬೈಲಿನಲ್ಲಿ ಒಂದೇ ಒತ್ತಿಗೆ ಸಿಗುವಂತೆ ಇಟ್ಟುಕೊಳ್ಳಿ. ಇದು ಗಂಡಸೊಬ್ಬ ಹೆಂಗಸರಿಗೆ ಹೇಳುವ ಹಳೆಯ ಬುದ್ಧಿವಾದದಂತೆ ಕೇಳಿಸಬಹುದು. ಗಂಡು ಅಧ್ಯಾಪಕರು ಕೇಳಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು.

ಪ್ರಶ್ನೆ: ಕಾನೂನು ಸಾಕು, ಕುತೂಹಲಕ್ಕೆ ಕೇಳುತ್ತೇನೆ. ರಕ್ಷಣೆಗೆಂದು ಜನ ಒಯ್ದ ಪಿಸ್ತೂಲುಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಯಾವುದು? (ಲಕ್ಷ್ಮೇಶ್ವರ)

ಉತ್ತರ: ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂನ ಲೂಯಿ ಡೋಲ್ನ್ ಮಾಡಿದ ಅಪಾಚೆ ರಿವಾಲ್ವರ್ ನನ್ನ ಮೆಚ್ಚಿನದು. ಹಿಡಿಕೆಯೇ ಗುದ್ದುವ ಉಂಗುರಗಳು, ಕೆಳಗೆ ಮಡಿಸುವ ಚಾಕು, ಮೇಲೆ ಆರು ಗುಂಡು; ನಳಿಗೆ ಮಾತ್ರ ಇಲ್ಲ! ಪ್ಯಾರಿಸ್ಸಿನ ಪುಂಡರ ಗುಂಪಿನಿಂದ ಅದಕ್ಕೆ ಆ ಹೆಸರು ಬಂತು. ಮೂರು ಆಯುಧಗಳಾಗಲು ಹೋಗಿ ಮೂರರಲ್ಲೂ ಕಳಪೆಯಾಯಿತು. ಆಸ್ಟ್ರಿಯಾದ ಕೊಲಿಬ್ರಿ ಪಿಸ್ತೂಲಿನ ಗುಂಡು 2.7 ಮಿ.ಮೀ. ದಪ್ಪ, 0.2 ಗ್ರಾಂ ತೂಕ; ಜೋಳದ ಕಾಳು ಅದಕ್ಕಿಂತ ದಪ್ಪ. ಬ್ರಿಟನ್ನಿನ ವೆಬ್ಲಿ–ಫಾಸ್ಬೆರಿಯಲ್ಲಿ ಒದೆತದಿಂದ ರಿವಾಲ್ವರಿನ ಮೇಲ್ಭಾಗವೇ ಹಿಂದಕ್ಕೆ ಜಾರಿ ಸಿಲಿಂಡರನ್ನು ತಿರುಗಿಸುತ್ತಿತ್ತು. ಜಾಣ ಯಂತ್ರ, ಆದರೆ ಮಣ್ಣು ಸೇರಿದರೆ ನಿಲ್ಲುತ್ತಿತ್ತು. 1960ರ ದಶಕದ ಅಮೆರಿಕದ ಜೈರೋಜೆಟ್ ಗುಂಡಿನ ಬದಲು ಪುಟ್ಟ ರಾಕೆಟ್ ಹಾರಿಸುತ್ತಿತ್ತು, ನಳಿಗೆಯಿಂದ ಹೊರಬೀಳುವಾಗ ಅದರ ವೇಗ ತೀರ ಕಡಿಮೆ, ದೂರ ಹೋದ ಮೇಲೆ ಹೆಚ್ಚು. ಎದುರಿಗೇ ನಿಂತ ಕಳ್ಳನಿಗೆ ಇದಕ್ಕಿಂತ ಅನುಕೂಲಕರ ಆಯುಧ ಬೇರೆ ಇರಲಾರದು.

ವಿಚಿತ್ರವಾದದ್ದೆಲ್ಲ ನಿಷ್ಪ್ರಯೋಜಕವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಹಿಡಿಕೆಯನ್ನು ಬಿಗಿಯಾಗಿ ಹಿಚುಕಿದಾಗ ಮಾತ್ರ ಸಿಡಿಯಲು ಸಿದ್ಧವಾಗುವ ಜರ್ಮನಿಯ ಪಿ7 ಪಿಸ್ತೂಲನ್ನು ಅಲ್ಲಿನ ಪೊಲೀಸರೇ ಬಳಸಿದರು. ಇಟಲಿಯ ಕಿಯಾಪ್ಪಾ ರೈನೋ ರಿವಾಲ್ವರಿನಲ್ಲಿ ನಳಿಗೆ ಸಿಲಿಂಡರಿನ ಕೆಳಗಿನ ಕೋಣೆಗೆ ಸೇರಿರುವುದರಿಂದ ಒದೆತ ನೇರವಾಗಿ ಕೈಗೆ ಬರುತ್ತದೆ, ಮೂತಿ ಮೇಲಕ್ಕೆ ಹಾರುವುದು ಕಡಿಮೆ. ಇವುಗಳಲ್ಲಿ ವಿಚಿತ್ರ ರೂಪಕ್ಕೆ ಒಂದು ಕಾರಣವಿದೆ, ಅಪಾಚೆಯಲ್ಲಿ ಇದ್ದದ್ದು ಹೆದರಿಸುವ ಆಸೆ.

ಪ್ರಶ್ನೆ: ಲೈಸೆನ್ಸ್ ಇರುವ ಪಿಸ್ತೂಲಿನಿಂದ ಕಳ್ಳನಿಗೆ ಗುಂಡು ಹಾರಿಸಿದರೆ ಕೇಸ್ ಆಗುವುದಿಲ್ಲವಷ್ಟೇ? (ರಾಣೆಬೆನ್ನೂರು)

ಉತ್ತರ: ತನಿಖೆ ಆಗಿಯೇ ಆಗುತ್ತದೆ. ಲೈಸೆನ್ಸ್ ಎಂಬುದು ಇಟ್ಟುಕೊಳ್ಳುವ ಅನುಮತಿ, ಹಾರಿಸಿದ್ದಕ್ಕೆ ಸಮರ್ಥನೆ ಬೇರೆಯೇ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಸಾವು ಅಥವಾ ತೀವ್ರ ಗಾಯದ ಭಯ ಸಕಾರಣವಾಗಿದ್ದಾಗ ಎದುರಾಳಿಯ ಪ್ರಾಣ ಹೋಗುವಷ್ಟು ಬಲವನ್ನೂ ಬಳಸಬಹುದು, ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಸರ ಕಿತ್ತುಕೊಂಡು ಬೆನ್ನು ತಿರುಗಿಸಿ ಓಡುತ್ತಿರುವವನ ಬೆನ್ನಿಗೆ ಹಾರಿಸಿದ ಗುಂಡನ್ನು ಸಮರ್ಥಿಸುವುದು ಯಾವ ವಕೀಲರಿಗೂ ಸುಲಭವಲ್ಲ.

ಪ್ರಶ್ನೆ: ಮಾನವಮಿಯ ಖಂಡೆ ಪೂಜೆಗೆ ನನ್ನ ರಿವಾಲ್ವರ್ ಇಡಬಹುದೇ? ಪೂಜೆಯ ನಂತರ ಗಾಳಿಯಲ್ಲಿ ಒಂದು ಗುಂಡು ಹಾರಿಸುವ ಪದ್ಧತಿ ನಮ್ಮ ವಾಡೆಯಲ್ಲಿದೆ. (ಕುಂದಗೋಳ)

ಉತ್ತರ: ಮನೆಯೊಳಗೆ ಪೂಜೆಗೆ ಇಡಲು ಅಡ್ಡಿಯಿಲ್ಲ. ಗಾಳಿಯಲ್ಲಿ ಹಾರಿಸುವ ಪದ್ಧತಿಯನ್ನು ಈ ವರ್ಷದಿಂದ ನಿಲ್ಲಿಸಿ. ಸಂಭ್ರಮಕ್ಕೆ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಇತರರನ್ನು ಅಪಾಯಕ್ಕೊಡ್ಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದೆಂದು 2019ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಪೂಜೆಯ ಚಿತ್ರವನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ. ಗದ್ದುಗೆಯ ಮೇಲೆ ಇಡುವ ಮುನ್ನ ಸಿಲಿಂಡರ್ ತೆರೆದು ಆರೂ ಕೋಣೆಗಳು ಖಾಲಿಯಿವೆಯೇ ಎಂದು ಬೆರಳಿಟ್ಟು ನೋಡಿ, ಗುಂಡುಗಳನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿ, ಮತ್ತು ಕುಂಕುಮ, ಭಂಡಾರ ಹಚ್ಚುವುದಾದರೆ ಹಿಡಿಕೆಗೆ ಮಾತ್ರ ಹಚ್ಚಿ. ನಳಿಗೆಯೊಳಗೆ ಸೇರಿದ ಭಂಡಾರ ಎಣ್ಣೆಯೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ಅದನ್ನು ತೆಗೆಸಲು ಮತ್ತೆ ಹುಬ್ಬಳ್ಳಿಗೆ ಬರಬೇಕಾಗುತ್ತದೆ.